ಹುಣಸೆಯ ಭರಣಿ ಪಕ್ಕ ಬಂದ ಹೊಸ ಹುಳಿಗಳು

ಈ ಬಾಟಲಿ ನೋಡಿ. ಬಗ್ಗಿಸಿದರೂ ಬೇಗ ಸುರಿಯುವುದಿಲ್ಲ. ಚಮಚಕ್ಕೆ ಅಂಟಿಕೊಂಡು, ಕಪ್ಪಗೆ, ನಿಧಾನಕ್ಕೆ ಇಳಿಯುತ್ತದೆ. ನಾಲಿಗೆಗೆ ಒಂದು ಹನಿ ತಾಗಿದರೆ ಸಾಕು, ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಷ್ಟು ಹುಳಿ. ಇದು ಕೊಡಗಿನ ಕಾಚಂಪುಳಿ. ವಿರಾಜಪೇಟೆಯ ಗೆಳತಿ ಊರಿಂದ ಬರುವಾಗ ತಂದುಕೊಟ್ಟಳು. ಅದರ ಹಿಂದೆಯೇ ಶಿರಸಿ ಕಡೆಯಿಂದ ಮುರುಗಲು ಸಿಪ್ಪೆ, ಒಣಗಿಸಿದ ವಾಟೆಹುಳಿ, ಜೊತೆಗೆ ಒಂದು ಡಬ್ಬಿ ತೊಡದೇವು ಅನ್ನುವ ಸಿಹಿತಿಂಡಿ ಬಂತು. ಹಾಗಾಗಿ ಈ ಸಲ ಅಡುಗೆಮನೆಯಲ್ಲಿ ಹುಳಿಯದ್ದೇ ಕಾರುಬಾರು.

ನಾವು ಮಂಡ್ಯ ಕಡೆಯವರು. ನಮ್ಮಲ್ಲಿ ಹುಳಿ ಅಂದರೆ ಹುಣಸೆಹಣ್ಣು, ಅಷ್ಟೇ. ಬೇಸಿಗೆ ಬಂದರೆ ಬೀಜ, ನಾರು ತೆಗೆದು, ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬುವುದು ಅಮ್ಮನ ಮನೆಯಲ್ಲಿ ಈಗಲೂ ಇದೆ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹಳೇ ಹುಣಸೆ ತೋಪು ಗೊತ್ತಲ್ವಾ? 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದು ಅದೇ. ಅದನ್ನು ಕೇಳಿದಾಗಲೆಲ್ಲ ನನಗೆ ಖುಷಿ. ಹುಣಸೆಯನ್ನು ಬಿಡುವ ಮಾತೇ ಇಲ್ಲ.

ಆದರೆ ಹೊಸ ಹುಳಿ ಮನೆಗೆ ಬಂದಾಗ ಅದನ್ನು ಹುಣಸೆಯ ಬದಲಿಗೆ ಸುಮ್ನೆ ಸಾಂಬಾರಿಗೆ ಸುರಿಯುವುದು ನನಗೆ ಇಷ್ಟವಿಲ್ಲ. ಹುಣಸೆ ಚೆನ್ನಾಗಿ ಕುದಿಯಬೇಕು, ಹಸಿ ವಾಸನೆ ಹೋಗಬೇಕು. ಇವು ಹಾಗಲ್ಲ. ಯಾವ ಹುಳಿ ಯಾವ ಹೊತ್ತಿಗೆ ಪಾತ್ರೆಗೆ ಇಳಿಯಬೇಕು ಅನ್ನುವುದು ಆ ಊರಿನವರಿಗೆ ಗೊತ್ತು. ಮೊದಲು ಅವರು ಮಾಡುವ ಹಾಗೇ ಮಾಡಿ ತಿನ್ನಬೇಕು.

ಕಾಚಂಪುಳಿ ಮಳೆಗಾಲದ ಹಣ್ಣಿನದು. ಮಾಗಿದ ಹಣ್ಣನ್ನು ಬುಟ್ಟಿಯಲ್ಲಿ ಹಾಕಿಟ್ಟರೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಒಲೆ ಮೇಲಿಟ್ಟು, ಹೀಗೆ ಕಪ್ಪಗೆ ಮಂದವಾಗುವವರೆಗೆ ಕಾಯಿಸುತ್ತಾರೆ. ಆಮೇಲೆ ಫ್ರಿಜ್ ಬೇಡ, ವರ್ಷಗಟ್ಟಲೆ ಕೆಡುವುದಿಲ್ಲ. ಇದೇ ಹಣ್ಣಿಗೆ ಉತ್ತರ ಕನ್ನಡದಲ್ಲಿ ಉಪ್ಪಾಗೆ ಅನ್ನುತ್ತಾರೆ. ಅಲ್ಲಿ ಬೀಜದಿಂದ ತುಪ್ಪವನ್ನೂ ತೆಗೆಯುತ್ತಾರೆ. ಕೇರಳದವರು ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮೀನು ಸಾರಿಗೆ ಹಾಕುತ್ತಾರೆ. ಒಂದೇ ಹಣ್ಣು, ಮೂರು ಕಡೆ ಮೂರು ದಾರಿ.

ನಾನು ಪಂದಿ ಕರಿ ಮಾಡುತ್ತಿದ್ದೇನೆ. ಒಂದು ಕೆಜಿ ಹಂದಿ ಮಾಂಸ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ. ಸಣ್ಣ ಉರಿಯಲ್ಲಿ ಅದರದ್ದೇ ಕೊಬ್ಬಿನಲ್ಲಿ ಬೇಯಲಿ, ಅವಸರ ಬೇಡ. ಈ ಕಡೆ ಕೊತ್ತಂಬರಿ ಬೀಜ, ಜೀರಿಗೆ, ಸಾಸಿವೆ, ಕಾಳುಮೆಣಸು ಹುರಿಯುತ್ತಿದೆ. ನಮ್ಮ ಸಾರಿನ ಪುಡಿಗೆ ಹುರಿಯುವಷ್ಟಕ್ಕೇ ನಿಲ್ಲಿಸಬಾರದು. ಕಾಫಿ ಬೀಜದ ಬಣ್ಣ ಬರಬೇಕು. ಆದರೆ ಸೀಯಬಾರದು, ಹಾಗಾಗಿ ಕೈ ಬಿಡದೆ ಆಡಿಸುತ್ತಲೇ ಇರಿ. ಮಾಂಸ ಬೆಂದ ಮೇಲೆ ಪುಡಿ. ಎಲ್ಲ ಮುಗಿಯುವ ಹೊತ್ತಿಗೆ ಕಾಚಂಪುಳಿ, ಒಂದೂವರೆ ದೊಡ್ಡ ಚಮಚ. ಈಗ ನೋಡಿ, ಕಂದು ಇದ್ದ ಮಸಾಲೆ ಕಪ್ಪಾಯಿತು. ಕೊಬ್ಬಿನ ಜಿಡ್ಡು ಬಾಯಿಗೆ ಭಾರ ಅನಿಸುವ ಮೊದಲೇ ಈ ಹುಳಿ ಅದನ್ನು ಕತ್ತರಿಸುತ್ತದೆ. ಹುಣಸೆಗೆ ಈ ಗುಣ ಇಲ್ಲ. ಜೊತೆಗೆ ಅಕ್ಕಿ ತರಿಯ ಉಂಡೆ, ಕಡಂಬುಟ್ಟು.

ಇನ್ನು ಮುರುಗಲು. ಮಂಗಳೂರು ಕಡೆ ಪುನರ್ಪುಳಿ. ಬೇಸಿಗೆಯ ಕೊನೆಗೆ ಹಣ್ಣಾಗುತ್ತದೆ, ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ ಇಡುತ್ತಾರೆ. ಒಂದು ಹಿಡಿ ಸಿಪ್ಪೆಯನ್ನು ಬೆಚ್ಚಗಿನ ನೀರಿಗೆ ಹಾಕಿದ್ದೇನೆ. ಗಾಜಿನ ಬಟ್ಟಲಲ್ಲಿ ಹಾಕಿದ್ದೇ ನಿಮಗೆ ತೋರಿಸಲಿಕ್ಕೆ. ಸಿಪ್ಪೆಯ ಅಂಚಿನಿಂದ ಕೆಂಪು ಎಳೆ ಎಳೆಯಾಗಿ ಬಿಡುತ್ತದೆ, ತಳಕ್ಕೆ ಹೋಗಿ ಕೂರುತ್ತದೆ, ಅರ್ಧ ಗಂಟೆಯಲ್ಲಿ ಬಟ್ಟಲು ಪೂರ್ತಿ ಕೆಂಪು. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿರುತ್ತಾರೆ ಕೆಲವರು, ಅದಕ್ಕೇ ಮೊದಲು ರುಚಿ ನೋಡಿ ಆಮೇಲೆ ಉಪ್ಪು ಹಾಕಿ. ಕಿವುಚಿ ಸೋಸಿ, ಬೆಲ್ಲ, ಸೀಳಿದ ಹಸಿಮೆಣಸಿನಕಾಯಿ ಹಾಕಿ, ಸ್ಟೀಲ್ ಪಾತ್ರೆಯಲ್ಲಿ ಒಂದು ಕುದಿ ಬಂದರೆ ಸಾಕು. ತುಪ್ಪದಲ್ಲಿ ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ. ಬೇಳೆ ಇಲ್ಲ, ಸಾರಿನ ಪುಡಿ ಇಲ್ಲ. ಬೇಳೆ ಇಲ್ಲದ ಸಾರೇನು ಸಾರು ಅಂತಿದ್ದ ನಮ್ಮತ್ತೆ ಒಂದು ಗುಟುಕು ಕುಡಿದು, ‘ಇದಕ್ಕೆ ಅನ್ನ ಬ್ಯಾಡ ಕಣವ್ವ, ಲೋಟದಲ್ಲೇ ಕೊಡು’ ಅಂದರು. ಈಗ ಊಟ ಆದ ಮೇಲೆ ಅವರಿಗೆ ಇದು ಬೇಕೇ ಬೇಕು.

ಹುಳಿ ತಿಂದು ಸಾಕಾಯಿತು, ಡಬ್ಬಿ ತೆಗೆಯೋಣ. ತೊಡದೇವನ್ನು ಕೈಯಲ್ಲಿ ಹಿಡಿದರೆ ಆಚೆಯ ಬೆಳಕು ಕಾಣುತ್ತದೆ, ಅಷ್ಟು ತೆಳು. ಅಕ್ಕಿಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಒಲೆ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಬಟ್ಟೆ ಕಟ್ಟಿದ ಕೋಲಿನಿಂದ ಬಳಿಯುತ್ತಾರೆ. ಬಿಸಿ ಇರುವಾಗಲೇ ಎಬ್ಬಿಸಿ ಮಡಚಬೇಕು. ಆರಿತೋ, ಮುರಿಯಿತು. ಬಿಸಿಲಲ್ಲಿ ಕಬ್ಬು ಬೆಳೆದವರಿಂದ ಹಿಡಿದು ಮಡಕೆ ಮುಂದೆ ಕೂತ ಹೆಂಗಸರವರೆಗೆ ಎಷ್ಟು ಜನರ ಕೈ ಇದೆ ಇದರಲ್ಲಿ! ಹಾಗಾಗಿ ಇದನ್ನು ಟಿವಿ ನೋಡುತ್ತಾ ಚಿಪ್ಸ್ ತರಹ ಮುಗಿಸಬೇಡಿ. ಬಟ್ಟಲಿಗೆ ಮುರಿದು ಹಾಕಿ, ಬಿಸಿ ಹಾಲು, ಮೇಲೆ ಒಂದು ಚಮಚ ತುಪ್ಪ. ಮೆತ್ತಗಾಗುವ ಮೊದಲೇ ತಿನ್ನಿ.

ವಾಟೆಹುಳಿ ಡಬ್ಬಿ ಇನ್ನೂ ಮುಚ್ಚೇ ಇದೆ. ಇದು ಹಲಸಿನ ಜಾತಿಯ ಮರದ ಕಾಯಿ, ಹೋಳು ಮಾಡಿ ಒಣಗಿಸಿದ್ದು. ಶಿರಸಿಯವರು ಇದರಲ್ಲಿ ಅಪ್ಪೆಹುಳಿ ಅನ್ನುವ ತೆಳು ಸಾರು ಮಾಡುತ್ತಾರಂತೆ, ಮೀನಿಗೂ ಒಗ್ಗುತ್ತದಂತೆ. ಭಾನುವಾರ ಮಾರ್ಕೆಟ್ಟಿನಲ್ಲಿ ಒಳ್ಳೆ ಬಂಗುಡೆ ಸಿಕ್ಕರೆ ಮೊದಲು ಅದಕ್ಕೇ ಹಾಕುತ್ತೇನೆ.