ಬ್ಯಾಂಕಿನ ಕಟ್ಟಿನಲ್ಲಿ ಹಳೆಯ ರೂಪಾಯಿ ನೋಟು ಹುಡುಕುವ ಬಗೆ

ಸಂಗ್ರಾಹಕ ಮಿತ್ರರೇ, ನಮಸ್ಕಾರ.

ಕೌಂಟರಿನಲ್ಲಿ ನಿಂತು "ಹಳೆಯ ನೋಟು ಇದೆಯಾ ಸಾರ್?" ಎಂದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಕ್ಯಾಶಿಯರ್ ನೋಟು ಎಣಿಸುತ್ತಾರೆ, ಇಸವಿ ಓದುತ್ತಾ ಕೂರುವುದಿಲ್ಲ. ಹಳೆಯದು ಯಾವ ಕಟ್ಟಿನಲ್ಲಿ ಉಳಿದಿರಬಹುದು ಎಂದು ನಮಗೇ ಗೊತ್ತಿರಬೇಕು, ಆ ಕಟ್ಟನ್ನೇ ಕೇಳಬೇಕು.

ನೂರು ಮತ್ತು ಅದಕ್ಕೂ ಮೇಲಿನ ನೋಟುಗಳನ್ನು ಯಂತ್ರದಲ್ಲಿ ಪರೀಕ್ಷಿಸಿದ ಮೇಲೆಯೇ ಮತ್ತೆ ಗಿರಾಕಿಗೆ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮಾಸಿದ್ದು ಅಲ್ಲೇ ಬೇರೆಯಾಗಿ ಕರೆನ್ಸಿ ಚೆಸ್ಟಿನ (ರಿಸರ್ವ್ ಬ್ಯಾಂಕಿನ ಪರವಾಗಿ ಬ್ಯಾಂಕುಗಳು ನಡೆಸುವ ನೋಟಿನ ಖಜಾನೆ) ಕಡೆ ಹೋಗುತ್ತದೆ. ಹಾಗಾಗಿ ಎಟಿಎಂ ನೋಟಿನಲ್ಲಿ ಹುಡುಕುವುದು ದಂಡ. ಹತ್ತು, ಇಪ್ಪತ್ತು, ಐವತ್ತರ ನೋಟುಗಳಿಗೆ ಈ ಕಟ್ಟುಪಾಡು ಇಲ್ಲ. ಕೇಳಬೇಕಾದ್ದು ಗಿರಾಕಿಗಳಿಂದ ಬಂದು ಕೈಯಲ್ಲೇ ಕಟ್ಟಿಟ್ಟ, ಬಳಸಿದ ನೋಟಿನ ಕಟ್ಟು. ಹೊಸ ಕಟ್ಟು ಕೊಡಲು ಬಂದರೆ ನಯವಾಗಿ ಬೇಡವೆನ್ನಿ. ಹತ್ತರ ಕಟ್ಟೊಂದಕ್ಕೆ ನೂರು ನೋಟು, ಸಾವಿರ ರೂಪಾಯಿ. ಶುರುವಿಗೆ ಅಷ್ಟು ಸಾಕು. ಖಾತೆಯಿರುವ ಶಾಖೆಗೇ ಹೋಗಿ, ತಿಂಗಳ ಮೊದಲ ವಾರ ಬಿಡಿ. ಪಿಂಚಣಿಯ ಸಾಲು ನಿಂತಿರುವಾಗ ಯಾರಿಗೂ ನಮ್ಮ ಹವ್ಯಾಸ ಕೇಳುವ ಪುರುಸೊತ್ತು ಇರುವುದಿಲ್ಲ. ಕಟ್ಟನ್ನು ಕ್ಯಾಶಿಯರ್ ಎದುರಿಗೇ ಎಣಿಸಿಕೊಳ್ಳಿ. ಮನೆಗೆ ಬಂದ ಮೇಲೆ ತೊಂಬತ್ತೊಂಬತ್ತೇ ಇದ್ದರೆ ಆ ನಷ್ಟ ನಿಮ್ಮದು.

ಈಗ ನೋಟಿಗೆ ಬರೋಣ. ಮೊದಲು ಹಿಂಬದಿ ತಿರುಗಿಸಿ. 2005ರಿಂದ ಮುದ್ರಣದ ಇಸವಿ ಹಾಕುವ ಪದ್ಧತಿ ಬಂತು: ಆ ಸರಣಿಯ ನೋಟಿನಲ್ಲಿ ಅದು ಕೆಳ ಅಂಚಿನ ನಡುವೆ ಇರುತ್ತದೆ, 2016ರ ನಂತರದ ಹೊಸ ಸರಣಿಯಲ್ಲಿ ಎಡಕ್ಕೆ. ಇಸವಿಯೇ ಇಲ್ಲದಿದ್ದರೆ ಅದು 2005ಕ್ಕಿಂತ ಹಿಂದಿನದು, ಪಕ್ಕಕ್ಕಿಡಿ. 2014ರಿಂದ ರಿಸರ್ವ್ ಬ್ಯಾಂಕ್ ಇಂಥ ನೋಟುಗಳನ್ನು ವಾಪಸು ತೆಗೆದುಕೊಳ್ಳುತ್ತಾ ಬಂದಿದ್ದರಿಂದ ಈಗ ಕಟ್ಟಿನಲ್ಲಿ ಒಂದೆರಡು ಸಿಕ್ಕರೂ ಪುಣ್ಯ. ಬೆಳಕಿಗೆ ಹಿಡಿದು ನೋಡಿ. ನೀರುಗುರುತಿನ (ವಾಟರ್‌ಮಾರ್ಕ್) ಬಳಿ ಜೋಡಿ ತೂತು, ಅದರ ಸುತ್ತ ತುಕ್ಕಿನ ಕಂದು ಕಲೆ ಕಂಡರೆ ಅದು ಪಿನ್ ಹೊಡೆದು ಕಟ್ಟುತ್ತಿದ್ದ ಕಾಲದ್ದಿರಬಹುದು; 2001ರಲ್ಲಿ ರಿಸರ್ವ್ ಬ್ಯಾಂಕ್ ಪಿನ್ ಬಿಟ್ಟು ಕಾಗದದ ಪಟ್ಟಿ ಸುತ್ತಲು ಹೇಳಿತು.

ಆಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ. ಇಸವಿ ಇಲ್ಲದ ಗಾಂಧಿ ಸರಣಿಯಲ್ಲಿ ಹೆಚ್ಚಾಗಿ ಕಾಣುವುದು ಬಿಮಲ್ ಜಲಾನ್ (1997–2003) ಸಹಿ. ಸರಣಿ ಶುರುವಾದ 1996ರ ಸಿ. ರಂಗರಾಜನ್ ಸಹಿಯದು ಸಿಕ್ಕರೆ ಬಿಡಬೇಡಿ. ವೈ.ವಿ. ರೆಡ್ಡಿ ಸಹಿ ಇಸವಿ ಇರುವ ನೋಟಿನಲ್ಲೂ ಇದೆ, ಇಲ್ಲದ್ದರಲ್ಲೂ ಇದೆ; ಎರಡನ್ನೂ ಜೋಡಿಯಾಗಿ ಇಡಬಹುದು. ಒಂದು ರೂಪಾಯಿ ನೋಟಿಗೆ ಮಾತ್ರ ಗವರ್ನರ್ ಅಲ್ಲ, ಹಣಕಾಸು ಕಾರ್ಯದರ್ಶಿ ಸಹಿ ಹಾಕುತ್ತಾರೆ.

ಕೊನೆಗೆ ಸಂಖ್ಯೆ. ಪೂರ್ವಾಕ್ಷರಕ್ಕೂ ಅಂಕೆಗಳಿಗೂ ನಡುವೆ ನಕ್ಷತ್ರವಿದ್ದರೆ, ಮುದ್ರಣದಲ್ಲಿ ಕೆಟ್ಟ ಹಾಳೆಯ ಬದಲಿಗೆ ಸೇರಿಸಿದ ನೋಟು ಅದು. 2006ರಲ್ಲಿ ಹತ್ತು, ಇಪ್ಪತ್ತು, ಐವತ್ತರಲ್ಲಿ ಈ ಕ್ರಮ ಶುರುವಾಯಿತು. ನಕ್ಷತ್ರ ಕಂಡರೆ ಕುಣಿದಾಡುವವರಿದ್ದಾರೆ, ಆದರೆ ಎಲ್ಲ ನಕ್ಷತ್ರವೂ ಅಪರೂಪವಲ್ಲ. ಮಡಿಕೆ ಬಿದ್ದು, ಮೂಲೆ ಸವೆದಿದ್ದರೆ ಮುಖಬೆಲೆಯ ಮೇಲೆ ಬಿಡಿಗಾಸೂ ಏರುವುದು ಕಷ್ಟ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿಗೆ ಲಕ್ಷ ಕೊಡುತ್ತೇವೆಂಬ ಜಾಹೀರಾತು ಮೋಸ. ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರ ಬಗ್ಗೆ 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ.

ರದ್ದಾದ ಹಳೆಯ ಐನೂರು, ಸಾವಿರದ ನೋಟು ಬ್ಯಾಂಕಿನಲ್ಲಿ ಸಿಗುವುದಿಲ್ಲ. ಬೇರೆ ಕಡೆಯಿಂದ ಕೈಸೇರಿದರೆ 2017ರ ಕಾಯ್ದೆಯಂತೆ ಸಂಗ್ರಹಕ್ಕೆ ಒಟ್ಟು 25ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಸಿಕ್ಕ ನೋಟನ್ನು ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ, ಹರಿದಲ್ಲಿ ಟೇಪ್ ಅಂಟಿಸಬೇಡಿ. ಇಸ್ತ್ರಿಯಿಂದ ಮಡಿಕೆ ಮಾಯವಾದಂತೆ ಕಂಡರೂ ಮುದ್ರಣದ ಉಬ್ಬು ಚಪ್ಪಟೆಯಾಗುತ್ತದೆ, ಬಲ್ಲವರು ಬೆರಳಾಡಿಸಿ ಹೇಳಿಬಿಡುತ್ತಾರೆ. ಅಗ್ಗದ ಪಿವಿಸಿ ಕವರಿನಿಂದ ಮೆದುಗೊಳಿಸುವ ರಾಸಾಯನಿಕ ಜಿನುಗಿ ನೋಟು ಅಂಟಂಟಾಗುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ಕೊಳ್ಳಿ. ಉಳಿದ ನೋಟುಗಳನ್ನು ಗಾಂಧಿ ಮುಖ ಒಂದೇ ದಿಕ್ಕಿಗೆ ಬರುವಂತೆ ಜೋಡಿಸಿ, ತೆಗೆದುಕೊಂಡಷ್ಟು ನೋಟು ಬೇರೆ ಸೇರಿಸಿ ನೂರು ಮಾಡಿ, ಪಟ್ಟಿ ಸುತ್ತಿ ಜಮೆ ಮಾಡಿ. ನಗದು ಜಮೆಗೆ ನಿಮ್ಮ ಖಾತೆಯಲ್ಲಿ ಶುಲ್ಕವಿದೆಯೇ ಎಂದು ಮೊದಲೇ ವಿಚಾರಿಸಿ, ಇಲ್ಲವಾದರೆ ಹುಡುಕಾಟದ ಖರ್ಚು ಅಲ್ಲೇ ಏರುತ್ತದೆ.