ಸಿಂಕ್‌ನ ಕೆಳಗೆ ಬಗ್ಗಿ ನೋಡಿ

ನಮಸ್ಕಾರ. ಕಳೆದ ಸಂಚಿಕೆಗೆ ಬಂದ ಒಂದು ಕಾಮೆಂಟ್ ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದೆ. "ಪ್ಲಾಸ್ಟಿಕ್ ಎಂದರೆ ಪ್ಲಾಸ್ಟಿಕ್. ಪ್ರಯೋಗಾಲಯಕ್ಕೆ ಯಾವ ಸಿಂಕ್ ಹಾಕಿದರೇನು?" ಬೆಳ್ಳಗಿರುವುದೆಲ್ಲ ಹಾಲಲ್ಲ ಸ್ವಾಮಿ!

ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಸಿಂಕ್ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಸ್ಟೇನ್‌ಲೆಸ್ ಸ್ಟೀಲನ್ನು ತಿಂದುಹಾಕುವ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಇದು ಜಗ್ಗುವುದಿಲ್ಲ. ಸಾಂದ್ರ ನೈಟ್ರಿಕ್ ಆಮ್ಲವನ್ನು ಮಾತ್ರ ದೂರ ಇಡಿ. ಆದರೆ ಸಿಂಕ್ ಎಂದರೆ ಮೇಲೆ ಕಾಣುವ ಬಟ್ಟಲಷ್ಟೇ ಅಲ್ಲ. ಕೆಳಗಿನ ಟ್ರ್ಯಾಪ್ ಎಂಬ ನೀರು ನಿಲ್ಲುವ ಬಾಗಿದ ಕೊಳವೆ, ಪೈಪು, ವಾಷರ್ ಎಲ್ಲ ಸೇರಿಯೇ ಸಿಂಕ್. ಬಟ್ಟಲನ್ನು ಅಳೆದು ತೂಗಿ ಆರಿಸಿ, ಕೆಳಗೆ ಕೈಗೆ ಸಿಕ್ಕ ಪಿವಿಸಿ ಪೈಪು ಜೋಡಿಸುತ್ತೀರಿ. ಗಾಜಿನ ಪಾತ್ರೆ ತೊಳೆದ ಅಸಿಟೋನ್ ಎಂಬ ದ್ರಾವಕ ಇಳಿದಿಳಿದು ಅದನ್ನು ಮೆತ್ತಗೆ ಮಾಡುತ್ತದೆ.

ಒಮ್ಮೆ ಒಂದು ಪ್ರಯೋಗಾಲಯದಲ್ಲಿ ಟಾರ್ಚ್ ಹಿಡಿದು ಸಿಂಕ್‌ನ ಕೆಳಗೆ ಅಂಗಾತ ಮಲಗಿದೆ. ಅಂಚಿಗೆ ಬಳಿದಿದ್ದ ಸಿಲಿಕೋನ್ ಅಂಟಿನ ತುದಿ ಹಿಡಿದು ಎಳೆದರೆ, ರಿಬ್ಬನ್ನಿನಂತೆ ಇಡಿಯಾಗಿ ಕೈಗೆ ಬಂತು! ಪ್ಲಾಸ್ಟಿಕ್ ಮೇಲೆ ಅದರ ಕಲೆಯೂ ಇರಲಿಲ್ಲ. ಪಾಲಿಪ್ರೊಪಿಲೀನ್‌ಗೆ ಅಂಟು ಸರಿಯಾಗಿ ಹಿಡಿಯುವುದೇ ಇಲ್ಲ. ಅಂಚಿಗೆ ಕ್ಲಿಪ್ಪು ಬೇಕು, ತಳಕ್ಕೆ ಆಧಾರ ಬೇಕು, ಪೈಪಿಗೆ ನಟ್ಟು ಮತ್ತು ವಾಷರ್ ಅಥವಾ ಶಾಖದ ಬೆಸುಗೆ ಬೇಕು. ಮೇಜಿನ ರಂಧ್ರವನ್ನು ಬಿಗಿಯಾಗಿ ಕೊರೆಯಲೇಬೇಡಿ. 60 ಸೆಂ.ಮೀ. ಉದ್ದದ ಬಟ್ಟಲು ಇದ್ದುದಕ್ಕಿಂತ 50 ಡಿಗ್ರಿ ಹೆಚ್ಚು ಬಿಸಿಯಾದರೆ 3–4 ಮಿ.ಮೀ. ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಅಂಚು ಮೇಲೆದ್ದು ನೀರು ಮೇಜಿನೊಳಗೆ ಇಳಿಯುತ್ತದೆ.

"ಎಪಾಕ್ಸಿ ರಾಳದ ಸಿಂಕ್ ಹಾಕಿದರೆ ಮುಗಿಯಿತಲ್ಲ" ಎನ್ನುತ್ತೀರಿ. ಶಾಖ ತಡೆಯುವುದರಲ್ಲಿ ಅದು ಮೇಲು, ಒಪ್ಪುತ್ತೇನೆ. ಅದರಿಂದ ಇಳಿದ ನೀರು ಹೋಗುವುದೆಲ್ಲಿಗೆ? ಅದೇ ಟ್ರ್ಯಾಪ್‌ಗೆ!

"ನಮ್ಮಲ್ಲಿ ಇಷ್ಟು ವರ್ಷ ಏನೂ ಆಗಿಲ್ಲ" ಎನ್ನುವವರೇ, ಕೊನೆಯ ಸಲ ಕೆಳಗೆ ಬಗ್ಗಿ ನೋಡಿದ್ದು ಯಾವಾಗ? ಕಪಾಟಿನ ತಳದ ಹಲಗೆ ಉಬ್ಬಿದೆಯೇ, ಮುಟ್ಟಿ ನೋಡಿದ್ದೀರಾ? ಅಲ್ಲಿ ಸೋರುವುದು ಬರೀ ನೀರಲ್ಲ. ಅದನ್ನು ಒರೆಸುವ ಸಹಾಯಕನ ಕೈಗೆ ಕೈಗವಸು ಇರುತ್ತದೆಯೇ? ನನಗೆ ಸಿಟ್ಟು ಬರುವುದು ಇಲ್ಲಿಯೇ.

ಚಾನೆಲ್‌ಗೆ ಇನ್ನೂ ಚಂದಾದಾರರಾಗಿಲ್ಲದಿದ್ದರೆ ಈಗಲೇ ಆಗಿ. ನಿಮ್ಮ ಸಿಂಕ್‌ನ ಚಿತ್ರ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಒಂದೊಂದಾಗಿ ನೋಡೋಣ. ಬಟ್ಟಲಿನ ಚಿತ್ರ ಬೇಡ. ಕೆಳಗಿನದು ಕಳುಹಿಸಿ, ಕೆಳಗಿನದು!