ಅಗ್ಗದ ಚಿತ್ರದ ಕೊಲೆಗಾರ

ಕೇಳುಗರೆ, ನಮಸ್ಕಾರ.

1978ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಹ್ಯಾಲೋವೀನ್’ ಎಂಬ ಚಿತ್ರದ ಕೊಲೆಗಾರನಿಗೆ ಒಂದು ಮುಖವಾಡ ಬೇಕಾಗಿತ್ತು. ಹೊಸದಾಗಿ ಮಾಡಿಸುವಷ್ಟು ಹಣ ಇರಲಿಲ್ಲವಾದ್ದರಿಂದ, ಟಿ.ವಿ. ಧಾರಾವಾಹಿಯೊಂದರ ಪ್ರಸಿದ್ಧ ಪಾತ್ರದ ಮುಖವನ್ನು ಹೋಲುವ ರಬ್ಬರಿನ ಮುಖವಾಡವನ್ನು ಎರಡು ಡಾಲರಿಗೂ ಕಡಿಮೆ ಬೆಲೆಗೆ ಅಂಗಡಿಯಿಂದ ಕೊಂಡುತಂದು, ಹುಬ್ಬು ಕಿತ್ತು, ಕಣ್ಣಿನ ತೂತುಗಳನ್ನು ಅಗಲ ಮಾಡಿ, ಮೇಲೆ ಬಿಳಿ ಬಣ್ಣ ಹೊಡೆದರು. ಕೋಪವಿಲ್ಲದ, ನಗುವಿಲ್ಲದ, ಯಾವ ಭಾವವೂ ಇಲ್ಲದ ಆ ಮುಖ ಮುಂದೆ ಲೋಕವನ್ನೇ ಹೆದರಿಸಿತು. ಕಥೆ ನಡೆಯುವುದು ಎಲೆ ಉದುರುವ ಕಾಲದಲ್ಲಿ, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಆದ್ದರಿಂದ ಒಣ ಎಲೆಗಳಿಗೆ ಬಣ್ಣ ಬಳಿದು ಬೀದಿಯಲ್ಲಿ ಹರಡಿ, ದೃಶ್ಯ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ದೃಶ್ಯಕ್ಕೆ ಅವನ್ನೇ ಮತ್ತೆ ಹರಡುತ್ತಿದ್ದರು. ಸಂಗೀತವನ್ನು ನಿರ್ದೇಶಕ ಜಾನ್ ಕಾರ್ಪೆಂಟರ್ ತಾನೇ ನುಡಿಸಿದ. ಸುಮಾರು ಮೂರು ಲಕ್ಷ ಡಾಲರಿನಲ್ಲಿ ಮುಗಿದ ಈ ಚಿತ್ರ ಅಮೆರಿಕವೊಂದರಲ್ಲೇ ನಾಲ್ಕೂವರೆ ಕೋಟಿ ಡಾಲರಿಗಿಂತ ಹೆಚ್ಚು ಗಳಿಸಿತು.

ಜನರ ಭಯವನ್ನೂ ಚಪಲವನ್ನೂ ಬಂಡವಾಳ ಮಾಡಿಕೊಂಡು, ಬೇರೆ ಬಂಡವಾಳವಿಲ್ಲದೆ ತಯಾರಾಗುವ ಇಂಥ ಸರಣಿ ಹಂತಕರ ಚಿತ್ರಗಳನ್ನು ಬೈಯುವುದು ಸಭ್ಯರ ರೂಢಿ. ಜನ ರಕ್ತ ನೋಡಲಿಕ್ಕೆ ಹೋಗುತ್ತಾರೆ ಎಂಬುದು ಆ ಬೈಗುಳದ ಆಧಾರ. ಅದು ನನಗೆ ಒಪ್ಪಿಗೆಯಾಗುವುದಿಲ್ಲ. ರಕ್ತವೇ ಬೇಕೆಂದವನಿಗೆ ದೊಡ್ಡ ನಟರ ಹೊಡೆದಾಟದ ಚಿತ್ರಗಳಲ್ಲಿ ಅದು ಕೊಡಗಟ್ಟಲೆ ಸಿಗುತ್ತದೆ, ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಬಹುದು. ಈ ಅಗ್ಗದ ಚಿತ್ರಗಳ ಸೆಳೆತ ಇರುವುದು ಅವುಗಳ ಬಡತನದಲ್ಲಿಯೇ ಎಂದು ನಾನು ತಿಳಿದಿದ್ದೇನೆ. ಹಣವಿರುವ ಚಿತ್ರವು ಟಿಕೆಟಿನ ಜೊತೆಗೆ ಪ್ರೇಕ್ಷಕನಿಗೆ ಕೆಲವು ಭರವಸೆಗಳನ್ನೂ ಕೊಟ್ಟಿರುತ್ತದೆ: ಪರಿಚಯದ ಮುಖದವರು ಸಾಯುವುದಿಲ್ಲ, ಪೊಲೀಸರು ತಡವಾಗಿಯಾದರೂ ಬರುತ್ತಾರೆ, ಕೊಂದವನು ಯಾಕೆ ಕೊಂದ ಎಂಬುದು ಕೊನೆಯೊಳಗೆ ತಿಳಿಯುತ್ತದೆ. ಹಣವಿಲ್ಲದ ಚಿತ್ರದಲ್ಲಿ ಪರಿಚಯದ ಮುಖವೇ ಇರುವುದಿಲ್ಲ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ಊಹಿಸಲು ಪ್ರೇಕ್ಷಕನಿಗೆ ಯಾವ ಆಸರೆಯೂ ಸಿಗುವುದಿಲ್ಲ.

ಈ ಭರವಸೆಯನ್ನು ಮೊದಲು ಮುರಿದವನು ಬಡವನೇನೂ ಅಲ್ಲ. ಆಲ್‌ಫ್ರೆಡ್ ಹಿಚ್‌ಕಾಕ್ ಹೆಸರು, ಹಣ ಎರಡನ್ನೂ ಮಾಡಿದ್ದ ಕಾಲದಲ್ಲಿ, 1960ರಲ್ಲಿ, ತನ್ನ ಟಿ.ವಿ. ಕಾರ್ಯಕ್ರಮದ ತಂಡವನ್ನೇ ಬಳಸಿ, ಕಪ್ಪು ಬಿಳುಪಿನಲ್ಲಿ, ಸುಮಾರು ಎಂಟು ಲಕ್ಷ ಡಾಲರಿನಲ್ಲಿ ‘ಸೈಕೋ’ ತೆಗೆದ. ಬಚ್ಚಲಿನಲ್ಲಿ ಹರಿಯುವ ರಕ್ತ ಚಾಕೊಲೇಟಿನ ಪಾಕವಾಗಿತ್ತು. ಬಣ್ಣದ ಚಿತ್ರವಾಗಿದ್ದರೆ ಆ ಉಪಾಯ ನಡೆಯುತ್ತಿರಲಿಲ್ಲ. ಆದರೆ ಅವನು ಮಾಡಿದ ನಿಜವಾದ ಕೇಡು ಬೇರೆ. ಜನ ಯಾವ ನಟಿಯನ್ನು ನಾಯಕಿ ಎಂದು ನಂಬಿ ಕುಳಿತಿದ್ದರೋ ಆಕೆಯನ್ನು ಚಿತ್ರ ಅರ್ಧಕ್ಕೆ ಬರುವ ಮೊದಲೇ ಕೊಂದುಬಿಟ್ಟ. ಅವನು ಬೇಕೆಂದು ಮಾಡಿದ್ದನ್ನು ಹಿಂದೆ ಬಂದ ಅಗ್ಗದ ಚಿತ್ರಗಳು ಅನಿವಾರ್ಯವಾಗಿ ಮಾಡಿದವು, ಮಾಡುತ್ತ ಮಾಡುತ್ತ ಅದರ ಬಲವನ್ನು ಕಂಡುಕೊಂಡವು.

1974ರ ‘ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ಇದಕ್ಕೆ ತಕ್ಕ ಉದಾಹರಣೆ. ಹೆಸರು ಕೇಳಿದರೆ ಕಸಾಯಿಖಾನೆ ಕಣ್ಣ ಮುಂದೆ ಬರುತ್ತದೆ. ಆದರೆ ಸೆನ್ಸಾರಿನವರಿಂದ ಸೌಮ್ಯವಾದ ಪ್ರಮಾಣಪತ್ರ ಸಿಗಲಿ ಎಂಬ ಆಸೆಯಿಂದ ನಿರ್ದೇಶಕ ಟೋಬ್ ಹೂಪರ್ ರಕ್ತವನ್ನು ಬಹಳ ಜಿಪುಣತನದಿಂದ ಬಳಸಿದ್ದ. ಆಯುಧ ಮೈಗೆ ತಾಗುವುದನ್ನು ಕ್ಯಾಮೆರಾ ಬಹುಮಟ್ಟಿಗೆ ತೋರಿಸುವುದೇ ಇಲ್ಲ. ಆದರೂ ಬ್ರಿಟನ್ನಿನಲ್ಲಿ ಅದಕ್ಕೆ ಪ್ರಮಾಣಪತ್ರ ಸಿಕ್ಕಿದ್ದು 1999ರಲ್ಲಿ. ಹಾಗಾದರೆ ಅಷ್ಟು ವರ್ಷ ಅವರು ಹೆದರಿದ್ದು ಯಾವುದಕ್ಕೆ? ನನ್ನ ಪ್ರಕಾರ ಸೆಕೆಗೆ. ಈ ಚಿತ್ರ 1973ರ ಬೇಸಿಗೆಯಲ್ಲಿ, ಟೆಕ್ಸಾಸಿನ ಬಿಸಿಲಿನಲ್ಲಿ, ಹದಿನಾರು ಮಿಲಿಮೀಟರಿನ ಅಗ್ಗದ ಫಿಲ್ಮಿನ ಮೇಲೆ ಚಿತ್ರಿತವಾಯಿತು. ಕೊಲೆಗಾರನ ಪಾತ್ರಧಾರಿಗೆ ಇದ್ದದ್ದು ಒಂದೇ ಉಡುಪು. ಒಗೆದರೆ ಬಣ್ಣ ಬಿಟ್ಟೀತೆಂದು ವಾರಗಟ್ಟಲೆ ಒಗೆಯದೆ ಅದನ್ನೇ ತೊಟ್ಟ. ಊಟದ ಮೇಜಿನ ದೃಶ್ಯವನ್ನು ಒಂದು ಹಗಲು ಒಂದು ರಾತ್ರಿಯನ್ನೂ ಮೀರಿ ಒಂದೇ ಸಮನೆ, ಕಿಟಕಿ ಮುಚ್ಚಿದ ಮನೆಯಲ್ಲಿ, ಪ್ರಾಣಿಗಳ ನಿಜವಾದ ಎಲುಬುಗಳ ನಡುವೆ ತೆಗೆದರು. ಏಪ್ರಿಲ್ ಮೇ ತಿಂಗಳಲ್ಲಿ ಬಾಗಲಕೋಟೆಯ ತಗಡಿನ ಮಾಳಿಗೆಯ ಕೋಣೆಯೊಂದರಲ್ಲಿ ಮಧ್ಯಾಹ್ನ ಕಳೆದವರಿಗೆ ಆ ನಟರ ಮುಖದ ಮೇಲಿನ ಬೆವರು ನಟನೆಯದಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಣವಿದ್ದರೆ ಪಂಖ, ವಿಶ್ರಾಂತಿ, ಮೂರು ಜೊತೆ ಬಟ್ಟೆ ಎಲ್ಲವೂ ಬರುತ್ತಿದ್ದವು, ಭಯ ಮಾತ್ರ ಹೋಗುತ್ತಿತ್ತು.

ಇದನ್ನು ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. 1980ರ ದಶಕದ ಕೊನೆಗೆ ಹಳೆ ಬಾಗಲಕೋಟೆಯಲ್ಲಿ ನಾನೊಂದು ವಿಡಿಯೋ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದೆ. (ಆಲಮಟ್ಟಿಯ ಹಿನ್ನೀರಿನಲ್ಲಿ ಆ ಓಣಿ ಈಗ ಇಲ್ಲ, ಆ ಮಾತು ಬೇರೆ.) ಕಲರ್ ಟಿ.ವಿ., ವಿಸಿಪಿ ಎಂಬ ಕ್ಯಾಸೆಟ್ಟು ಓಡಿಸುವ ಯಂತ್ರ, ಮೂರು ನಾಲ್ಕು ಕ್ಯಾಸೆಟ್ಟು ಒಂದು ರಾತ್ರಿಗೆ ಬಾಡಿಗೆ ಒಯ್ಯುವುದು ಆಗಿನ ಪದ್ಧತಿ. ಮೇಲೊಂದು ಭಕ್ತಿಪ್ರಧಾನ ಚಿತ್ರ, ನಡುವೆ ಒಂದು ಹಿಂದಿ ಚಿತ್ರ, ಎಲ್ಲಕ್ಕೂ ಕೆಳಗೆ, ಹಾಳೆಯಲ್ಲಿ ಸುತ್ತಿದ್ದು, ಕೊಲೆಯ ಚಿತ್ರ. ‘ಕಾಕಾ, ಮನ್ಯಾಗ ಹೇಳಬ್ಯಾಡ್ರಿ’ ಎನ್ನುವ ಹುಡುಗರೂ ಇದ್ದರು, ಮಗನ ಹೆಸರಿನಲ್ಲಿ ಬರೆಸಿ ತಾವೇ ಒಯ್ಯುವ ಹಿರಿಯರೂ ಇದ್ದರು. ರಾಮ್ಸೆ ಸಹೋದರರ ಹಿಂದಿ ಭೂತದ ಚಿತ್ರಗಳು ಹೆಚ್ಚು ಹೋಗುತ್ತಿದ್ದವು; ಒಂದೇ ಕುಟುಂಬದ ಅಣ್ಣತಮ್ಮಂದಿರು ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಹಂಚಿಕೊಂಡು ತೆಗೆದ ಅವೂ ಬಡತನದ ಮಕ್ಕಳೇ. ಆದರೆ ಭೂತಕ್ಕೆ ತ್ರಿಶೂಲ ತೋರಿಸಬಹುದು, ಮನುಷ್ಯನಿಗೆ ತೋರಿಸಿ ಪ್ರಯೋಜನವಿಲ್ಲ.

ಆಗ ನಮಗೆ ಬರುತ್ತಿದ್ದದ್ದು ನಕಲಿನ ನಕಲು. ಮುಂಬಯಿಯಲ್ಲಿ ಒಮ್ಮೆ, ಹುಬ್ಬಳ್ಳಿಯಲ್ಲಿ ಇನ್ನೊಮ್ಮೆ ಇಳಿಸಿಕೊಂಡ ಚಿತ್ರದಲ್ಲಿ ಮುಖಗಳು ಕದಡಿ, ಕತ್ತಲೆ ಇನ್ನಷ್ಟು ಕಪ್ಪಾಗಿ, ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು. ದೊಡ್ಡ ಚಿತ್ರವಾಗಿದ್ದರೆ ಗಿರಾಕಿ ಕ್ಯಾಸೆಟ್ಟನ್ನು ಮುಖಕ್ಕೆ ಎಸೆಯುತ್ತಿದ್ದ. ಕೊಲೆಯ ಚಿತ್ರಕ್ಕೆ ಅದೇ ಒಂದು ಸಾಕ್ಷ್ಯವಾಗುತ್ತಿತ್ತು, ಯಾರೋ ಕದ್ದು ತೆಗೆದದ್ದು ನಮ್ಮ ಕೈಗೆ ಸಿಕ್ಕಿದೆ ಎಂಬ ಭಾವನೆ ಬರುತ್ತಿತ್ತು. ಇಂಗ್ಲಿಷ್ ಬಾರದವರೂ ನೋಡುತ್ತಿದ್ದರು. ಒಳ್ಳೆಯ ಸಂಭಾಷಣೆಗಾರನಿಗೆ ಸಂಬಳ ಕೊಡಲಾಗದ ಚಿತ್ರಗಳಲ್ಲಿ ತಿಳಿಯದೆ ಉಳಿಯುವ ಮಾತು ಬಹಳ ಇರುವುದಿಲ್ಲ.

ಒಂದು ವಿಷಯ ನಾನು ಕಣ್ಣಾರೆ ಕಂಡದ್ದು. ಪದೇ ಪದೇ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ನೋಡಿದ ಜಾಗದಲ್ಲಿ ಟೇಪು ಸವೆದು ಪರದೆಯ ಮೇಲೆ ಬಿಳಿ ಗೆರೆಗಳು ಬೀಳುತ್ತವೆ. ಪ್ರಣಯದ ಚಿತ್ರಗಳಲ್ಲಿ ಗೆರೆ ಎಲ್ಲಿ ಬೀಳುತ್ತಿತ್ತೆಂಬುದನ್ನು ಆಕಾಶವಾಣಿಯಲ್ಲಿ ಹೇಳಬೇಕಾಗಿಲ್ಲ. ಕೊಲೆಯ ಚಿತ್ರಗಳಲ್ಲಿ ಮಾತ್ರ ಗೆರೆ ಬೀಳುತ್ತಿದ್ದದ್ದು ಕೊಲೆಯ ಮೇಲಲ್ಲ, ಅದಕ್ಕೆ ಸ್ವಲ್ಪ ಮೊದಲು, ಬಾಗಿಲು ಇಷ್ಟೇ ಇಷ್ಟು ಸರಿಯುವಲ್ಲಿ, ಹುಡುಗಿ ‘ಯಾರು’ ಎಂದು ತಿರುಗುವಲ್ಲಿ. ಕೊಲೆಗಿಂತ ತುಸು ಹಿಂದಕ್ಕೆ ತಿರುಗಿಸಿ ನಿಲ್ಲಿಸುವುದು ಕೈಯ ಅಭ್ಯಾಸವೂ ಇರಬಹುದು. ಆದರೆ ಅದೇ ಕಾರಣವಾಗಿದ್ದರೆ ಕೊಲೆಯ ಜಾಗವೂ ಅಷ್ಟೇ ಸವೆಯಬೇಕಾಗಿತ್ತು. ಅವರಿಗೆ ಬೇಕಾದದ್ದು ಕಾಯುವ ಆ ಕ್ಷಣ ಎಂದೇ ನಾನು ಈಗಲೂ ನಂಬುತ್ತೇನೆ.

ಇನ್ನು ಕಾರಣದ ಮಾತು. ಗುಳೇದಗುಡ್ಡದ ನೇಕಾರರೊಬ್ಬರು ಒಂದು ಕ್ಯಾಸೆಟ್ಟನ್ನು ಮರಳಿ ತಂದು ಮೇಜಿನ ಮೇಲೆ ಇಟ್ಟು, ‘ಅಂವ ಯಾಕ ಕೊಂದ ಅನ್ನೂದನ್ನ ಕಡೀತನಕಾ ಹೇಳಲಿಲ್ಲಲ್ರಿ, ಇದೆಂಥಾ ಸಿನೆಮಾ?’ ಎಂದು ಸಿಟ್ಟಾದರು. ಮುಂದಿನ ವಾರ ಅದನ್ನೇ ಮತ್ತೆ ಒಯ್ದರು. ಅವರ ಸಿಟ್ಟು ನ್ಯಾಯವಾದದ್ದು. ನಮ್ಮ ಸೀಮೆ ಕೊಲೆಯ ಕಥೆಗೆ ಹೊಸದಲ್ಲ. ಬೈಲಹೊಂಗಲದ ಕಡೆ ನಡೆದ ನಿಜವಾದ ಕೊಲೆಯೊಂದರಿಂದ ಹುಟ್ಟಿತೆನ್ನುವ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ಬೆಳಕು ಹರಿಯುವವರೆಗೆ ಕುಳಿತು ನೋಡಿದ ಜನ ನಾವು. ಅದೂ ಅಗ್ಗದ ಕಲೆಯೇ: ಒಂದು ಅಟ್ಟ, ನಾಲ್ಕು ದೀಪ, ಒಂದು ಹಿಮ್ಮೇಳ. ಸಂಗ್ಯಾ ಸಾಯುತ್ತಾನೆ ಎಂಬುದು ಕುಳಿತವರಿಗೆಲ್ಲ ಮೊದಲೇ ಗೊತ್ತು, ಯಾಕೆ ಎಂಬುದೂ ಗೊತ್ತು. ಗಂಗಾಳ ಮೇಲಿನ ಮೋಹ, ಅವಳ ಗಂಡ ಈರ್ಯಾನ ಮಾನ, ಗೆಳೆಯ ಬಾಳ್ಯಾನ ದ್ರೋಹ, ಒಂದೊಂದಕ್ಕೂ ಹಾಡಿದೆ. ಕೊಲ್ಲುವವನಿಗೂ ಸಾಯುವವನಿಗೂ ನಡುವೆ ಸಂಬಂಧವಿರುವ ಆ ಲೋಕದಿಂದ ಬಂದವರಿಗೆ, ಕೊಂದವನಿಗೆ ಸತ್ತವರ ಪರಿಚಯವೇ ಇಲ್ಲದ ಕಥೆ ತಡೆದುಕೊಳ್ಳಲಾಗದಂಥದ್ದು. ಚಿತ್ರ ಕಾರಣವನ್ನು ಹೇಳುವುದಿಲ್ಲವಾದ್ದರಿಂದ ಪ್ರೇಕ್ಷಕ ತಾನೇ ಹುಡುಕಲು ಮತ್ತೆ ನೋಡುತ್ತಾನೆ. ಆ ನೇಕಾರರು ಮತ್ತೆ ಒಯ್ದದ್ದು ಅದಕ್ಕೇ.

ಇಂಥ ಚಿತ್ರಗಳಲ್ಲಿ ನಾನು ತಲೆಬಾಗುವುದು ಒಂದಕ್ಕೆ ಮಾತ್ರ: ಜಾನ್ ಮ್ಯಾಕ್‌ನಾಟನ್ ತೆಗೆದ ‘ಹೆನ್ರಿ’. ಷಿಕಾಗೋ ನಗರದಲ್ಲಿ 1985ರಲ್ಲಿ, ಸುಮಾರು ಒಂದು ಲಕ್ಷ ಹತ್ತು ಸಾವಿರ ಡಾಲರಿನಲ್ಲಿ, ಹದಿನಾರು ಮಿಲಿಮೀಟರಿನಲ್ಲಿ ಚಿತ್ರಿತವಾಗಿ, ಪ್ರಮಾಣಪತ್ರದ ತೊಡಕಿನಿಂದ ವರ್ಷಗಳ ತನಕ ಬಿದ್ದಿದ್ದು 1990ರಲ್ಲಿ ಚಿತ್ರಮಂದಿರಕ್ಕೆ ಬಂದ ಚಿತ್ರ ಇದು. ಅದರಲ್ಲಿ ಒಂದು ಮನೆಯ ಜನರನ್ನು ಕೊಲ್ಲುವ ದೃಶ್ಯ ಕಳಪೆ ವಿಡಿಯೋದಲ್ಲಿ, ಅಲುಗುವ ಕ್ಯಾಮೆರಾದಲ್ಲಿ ಬರುತ್ತದೆ. ಅದು ಮುಗಿದ ಮೇಲಷ್ಟೇ ಗೊತ್ತಾಗುವುದು, ನಾವು ನೋಡಿದ್ದು ಕೊಲೆಗಾರರೇ ತೆಗೆದ ಟೇಪು, ಅವರು ಸೋಫಾದ ಮೇಲೆ ಒರಗಿಕೊಂಡು ಅದನ್ನೇ ನೋಡುತ್ತಿದ್ದಾರೆ, ನಾವು ಇಷ್ಟು ಹೊತ್ತು ಅವರ ಪಕ್ಕದಲ್ಲಿ ಕುಳಿತಿದ್ದೆವು. ಅವರಲ್ಲೊಬ್ಬ ಟೇಪನ್ನು ಮತ್ತೊಮ್ಮೆ ನೋಡಬೇಕೆನ್ನುತ್ತಾನೆ. ಕ್ಯಾಸೆಟ್ಟು ಬಾಡಿಗೆ ಕೊಟ್ಟು ಹೊಟ್ಟೆ ಹೊರೆದ ನನಗೆ ಆ ದೃಶ್ಯ ಬಹಳ ದಿನ ಬಿಡಲಿಲ್ಲ.

ಆ ಚಿತ್ರಕ್ಕೆ ಆಧಾರವಾದ ಹೆನ್ರಿ ಲೀ ಲ್ಯೂಕಸ್ ಎಂಬವನ ಕಥೆ ಇನ್ನೂ ವಿಚಿತ್ರ. ಅವನು ಕೊಲೆಗಾರ ಹೌದು. ಆದರೆ ನೂರಾರು ಕೊಲೆಗಳನ್ನು ತಾನೇ ಮಾಡಿದೆನೆಂದು ಒಪ್ಪಿಕೊಂಡ. ಬಿಡಿಸಲಾಗದ ಪ್ರಕರಣಗಳನ್ನು ಮುಗಿಸುವ ಅವಸರದಲ್ಲಿದ್ದ ಪೊಲೀಸರು ನಂಬಿದರು. ಅವುಗಳಲ್ಲಿ ಹೆಚ್ಚಿನವು ಸುಳ್ಳೆಂದು ಆಮೇಲೆ ಬಯಲಾಯಿತು. ಮರಣದಂಡನೆ ಯಾವ ಕೊಲೆಗೆ ಆಗಿತ್ತೋ ಆ ಕೊಲೆ ನಡೆದಾಗ ಅವನು ಬೇರೆ ರಾಜ್ಯದಲ್ಲಿದ್ದನೆಂಬುದಕ್ಕೆ ಪುರಾವೆ ಸಿಕ್ಕಿ, 1998ರಲ್ಲಿ ಟೆಕ್ಸಾಸಿನ ಗವರ್ನರ್ ಜಾರ್ಜ್ ಬುಷ್ ಅದನ್ನು ಜೀವಾವಧಿಗೆ ಇಳಿಸಿದರು. ‘ನಿಜ ಘಟನೆ’ ಎಂದು ಪೋಸ್ಟರಿನಲ್ಲಿ ಬರೆಯುವ ವ್ಯಾಪಾರ ಹೀಗೆಯೇ. ‘ಟೆಕ್ಸಾಸ್’ ಚಿತ್ರವನ್ನೂ ನಡೆದದ್ದೆಂದೇ ಮಾರಿದರು. ಅದಕ್ಕೂ ‘ಸೈಕೋ’ಕ್ಕೂ ಪ್ರೇರಣೆಯಾದ ಎಡ್ ಗೀನ್ ಟೆಕ್ಸಾಸಿನವನೇ ಅಲ್ಲ, 1957ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರೊಂದರಲ್ಲಿ ಸಿಕ್ಕಿಬಿದ್ದವನು, ಇಬ್ಬರು ಹೆಂಗಸರನ್ನು ಕೊಂದದ್ದಾಗಿ ಒಪ್ಪಿಕೊಂಡವನು, ಗೋರಿಗಳನ್ನು ಅಗೆದವನು. ಚಿತ್ರದ ಹೆಸರಿನಲ್ಲಿರುವ ‘ಚೈನ್ ಸಾ’, ಅಂದರೆ ಮರ ಕೊಯ್ಯುವ ಯಂತ್ರ, ಅವನ ಕಥೆಯಲ್ಲಿ ಇಲ್ಲ.

ಸಂಖ್ಯೆ ಬೆಳೆದಷ್ಟೂ ಸತ್ತವರು ಸಣ್ಣವರಾಗುತ್ತಾರೆ, ನನ್ನ ತಕರಾರು ಇರುವುದು ಅಲ್ಲಿ. ವಿಜಯಪುರದ ಹೊರಗಿನ ಸಾಠ್ ಕಬರಿಗೆ, ಅಂದರೆ ಅರವತ್ತು ಗೋರಿಗಳ ಜಾಗಕ್ಕೆ, ಹೋದವರು ಇದನ್ನು ಕಂಡಿರುತ್ತೀರಿ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮೊದಲು, ತಾನು ಮರಳುವುದಿಲ್ಲವೆಂಬ ಭವಿಷ್ಯ ಕೇಳಿದ ಅಫ್ಜಲ್‌ಖಾನ ತನ್ನ ಹೆಂಡಿರನ್ನೆಲ್ಲ ಬಾವಿಗೆ ದೂಡಿ ಕೊಂದನೆಂಬುದು ಐತಿಹ್ಯ. ಚರಿತ್ರೆಯ ದಾಖಲೆ ಅದಕ್ಕೆ ಅಷ್ಟು ಗಟ್ಟಿಯಾಗಿಲ್ಲ. ಸಾಲು ಸಾಲಾಗಿ ಒಂದೇ ತೆರನ ಗೋರಿಗಳಿವೆ. ಬಂದವರು ಎಣಿಸುತ್ತಾರೆ, ಬಾವಿಗೆ ಇಣುಕುತ್ತಾರೆ, ತಪ್ಪಿಸಿಕೊಂಡು ಓಡಿದವಳ ಗೋರಿ ಯಾವುದು ಎಂದು ಕೇಳುತ್ತಾರೆ. ಖಾನನ ಹೆಸರು ಎಲ್ಲರಿಗೂ ಗೊತ್ತು, ಆ ಹೆಂಗಸರಲ್ಲಿ ಒಬ್ಬಳ ಹೆಸರನ್ನೂ ಯಾರೂ ಕೇಳುವುದಿಲ್ಲ. 2012ರಲ್ಲಿ ಕನ್ನಡದಲ್ಲಿ, ಕೊಲೆಗಾರರ ನಿಜವಾದ ತಂಡವೊಂದರ ಮೇಲಿನ ‘ದಂಡುಪಾಳ್ಯ’ ಚಿತ್ರ ಬಂದು ಗೆದ್ದಾಗಲೂ ಗೋಡೆಗಳ ಮೇಲೆ ನಾವು ನೋಡಿದ್ದು ಕೊಂದವರ ಪಾತ್ರಧಾರಿಗಳ ಮುಖವನ್ನೇ. ನಿಜವಾದ ಆ ತಂಡದಿಂದ ಮನೆಯವರನ್ನು ಕಳೆದುಕೊಂಡವರು ಅದೇ ಗೋಡೆಗಳ ಮುಂದೆ ಓಡಾಡಬೇಕಾಯಿತು ಎಂಬುದನ್ನು ನೆನೆದರೆ, ಸೆಳೆತದ ವಿವರಣೆ ಎಷ್ಟೇ ಸೂಕ್ಷ್ಮವಾಗಿದ್ದರೂ ಬಾಯಿ ಕಹಿಯಾಗುತ್ತದೆ.

ಈಗ ಅಗ್ಗದ ಚಿತ್ರದ ಕಾಲ ಹೋಗಿ, ಸರಣಿ ಹಂತಕರು ಮೊಬೈಲಿನೊಳಗೆ ಬಂದಿದ್ದಾರೆ. ಹೆಸರಾಂತ ನಟರು, ಒಳ್ಳೆಯ ಬೆಳಕು, ಕೋಟಿಗಟ್ಟಲೆ ಹಣ. ನನ್ನ ಮೊಮ್ಮಕ್ಕಳು ಅವನ್ನು ಊಟ ಮಾಡುತ್ತ ನೋಡುತ್ತಾರೆ. ಎಂಟು ಕಂತುಗಳಲ್ಲಿ ಎರಡು ಕಂತು ಕೊಲೆಗಾರನ ಬಾಲ್ಯಕ್ಕೇ ಮೀಸಲು: ತಾಯಿ ಹೊಡೆದಳು, ಶಾಲೆಯಲ್ಲಿ ನಕ್ಕರು, ಆದ್ದರಿಂದ ಹೀಗಾದ. ಗುಳೇದಗುಡ್ಡದ ನೇಕಾರರಿಗೆ ಇದು ಸಮಾಧಾನ ಕೊಡುತ್ತಿತ್ತೇನೋ. ಕಾರಣ ಸಿಕ್ಕಿದ ಮೇಲೆ ನೋಡುವವನು ತನ್ನ ಮಕ್ಕಳನ್ನು ಹೊಡೆದಿಲ್ಲವೆಂದು ನೆಮ್ಮದಿಯಿಂದ ಮಲಗುತ್ತಾನೆ, ಕೊಲೆಗಾರನ ಬಗ್ಗೆ ಒಂದಿಷ್ಟು ಮರುಕವನ್ನೂ ಇಟ್ಟುಕೊಳ್ಳುತ್ತಾನೆ. ಹಳೆಯ ಚಿತ್ರಗಳು ನಮ್ಮನ್ನು ಹೆದರಿಸಿದವು, ಆದರೆ ಕೊಲೆಗಾರನನ್ನು ಪ್ರೀತಿಸಿರೆಂದು ಕೇಳಿಕೊಳ್ಳಲಿಲ್ಲ. ಅವನ ಬಾಲ್ಯವನ್ನು ಚಿತ್ರಿಸುವಷ್ಟು ಫಿಲ್ಮು ಕೊಳ್ಳಲು ಅವುಗಳ ಬಳಿ ಹಣವಿರಲಿಲ್ಲ.

ನಮಸ್ಕಾರ.